ಟೋಟಲ್ ಕಮಾಂಡರ್‌ನಲ್ಲಿ ಚಿತ್ರಗಳನ್ನು ನಮಗೆ ಬೇಕಾದಂತೆ ನೋಡುವುದು ಹೇಗೆ?

ಟೋಟಲ್ ಕಮಾಂಡರ್ ಎಂಬ ಕಡತ ನಿರ್ವಹಣಾ ತಂತ್ರಾಂಶದಲ್ಲಿ ಎಫ್3 ಒತ್ತಿದಾಗ ದೊಡ್ಡ ಫೋಟೋದ ಒಂದು ಮೂಲೆಯಷ್ಟೇ ಕಾಣುತ್ತದೆ, ಎಂಟರ್ ಒತ್ತಿದರೆ ಬೇರಾವುದೋ ತಂತ್ರಾಂಶ ತೆರೆದುಕೊಳ್ಳುತ್ತದೆ ಎಂದು ಕೇಳಿದ್ದೀರಿ. ಇವು ಎರಡು ಪ್ರತ್ಯೇಕ ವ್ಯವಸ್ಥೆಗಳು. ಗೊಂದಲಕ್ಕೆ ಕಾರಣವೂ ಅದೇ.

ಎಫ್3 ತೆರೆಯುವುದು ಲಿಸ್ಟರ್ ಎಂಬ ಒಳವೀಕ್ಷಕವನ್ನು. ಅದರಲ್ಲಿ ಚಿತ್ರವಿರುವಾಗ ಎಫ್ ಅಕ್ಷರದ ಕೀಲಿ ಒತ್ತಿದರೆ ಚಿತ್ರವು ಕಿಟಕಿಯ ಅಳತೆಗೆ ಹೊಂದಿಕೊಳ್ಳುತ್ತದೆ; ಎಲ್ ಆಯ್ಕೆಯು ಕಿಟಕಿಗಿಂತ ದೊಡ್ಡದಾದ ಚಿತ್ರಗಳನ್ನು ಮಾತ್ರ ಕುಗ್ಗಿಸುವುದರಿಂದ, ಪುಟ್ಟ ಐಕಾನ್‌ಗಳು ಹಿಗ್ಗಿ ಮಸುಕಾಗುವ ಕಿರಿಕಿರಿ ಇರುವುದಿಲ್ಲ. ನನ್ನ ಮಟ್ಟಿಗೆ ಎಲ್ ಆಯ್ಕೆಯೇ ಮೇಲು. ಬಳಿಕ ಈ ಆಯ್ಕೆ ಉಳಿಯುವಂತೆ ಲಿಸ್ಟರ್‌ನ ಆಪ್ಷನ್ಸ್ ಮೆನುವಿನಲ್ಲಿ ‘ಸೇವ್ ಪೊಸಿಷನ್’ ಆರಿಸುವುದನ್ನು ಮರೆಯಬೇಡಿ. ಹಲವು ಕಡತಗಳನ್ನು ಗುರುತುಮಾಡಿ ಎಫ್3 ಒತ್ತಿದರೆ, ಎನ್ ಮುಂದಿನ ಚಿತ್ರಕ್ಕೂ ಪಿ ಹಿಂದಿನ ಚಿತ್ರಕ್ಕೂ ಕರೆದೊಯ್ಯುತ್ತವೆ.

ಲಿಸ್ಟರ್ ಸಾಲದೆನಿಸಿದರೆ, ಕಾನ್ಫಿಗರೇಷನ್ ಮೆನುವಿನ ಆಪ್ಷನ್ಸ್‌ನಲ್ಲಿ ‘ಎಡಿಟ್/ವ್ಯೂ’ ಪುಟಕ್ಕೆ ಹೋಗಿ ಇರ್ಫಾನ್‌ವ್ಯೂನಂತಹ ಹೊರಗಿನ ವೀಕ್ಷಕದ ಪೂರ್ಣ ಹಾದಿಯನ್ನು ಕೊಡಬಹುದು. ಹಾಗೆ ಮಾಡಿದ ಮೇಲೂ ಆಲ್ಟ್ ಮತ್ತು ಎಫ್3 ಒಟ್ಟಿಗೆ ಒತ್ತಿದರೆ ಇನ್ನೊಂದು ವೀಕ್ಷಕ ತೆರೆಯುವುದರಿಂದ ಎರಡೂ ಕೈಗೆಟಕುತ್ತವೆ. ಲಿಸ್ಟರ್‌ಗೆ ತಿಳಿಯದ ಚಿತ್ರ ಮಾದರಿಗಳಿಗಾಗಿ ಡಬ್ಲ್ಯುಎಲ್‌ಎಕ್ಸ್ ಪ್ಲಗಿನ್‌ಗಳಿವೆ (ಲಿಸ್ಟರ್‌ಗೆ ಸೇರಿಸಿಕೊಳ್ಳಬಹುದಾದ ಪುಟ್ಟ ತಂತ್ರಾಂಶಗಳು).

ಎಂಟರ್ ಅಥವಾ ಡಬಲ್ ಕ್ಲಿಕ್ ಸಾಮಾನ್ಯವಾಗಿ ವಿಂಡೋಸ್ ನಿಗದಿಪಡಿಸಿದ ತಂತ್ರಾಂಶವನ್ನೇ ತೆರೆಯುತ್ತದೆ. ವಿಂಡೋಸ್‌ನ ಏರ್ಪಾಡನ್ನು ಕದಲಿಸದೆ ಇಲ್ಲಿ ಮಾತ್ರ ಬದಲಾವಣೆ ಬೇಕಿದ್ದರೆ, ಫೈಲ್ಸ್ ಮೆನುವಿನ ‘ಇಂಟರ್ನಲ್ ಅಸೋಸಿಯೇಷನ್ಸ್’ನಲ್ಲಿ ಆಯಾ ಕಡತ ವಿಸ್ತರಣೆಗೆ ಬೇಕಾದ ತಂತ್ರಾಂಶವನ್ನು ಸೂಚಿಸಿ.