ರೋಜಾ ಇಲ್ಲದ ರಂಜಾನ್

ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬಂದವರು ಗಣಿತ ಶಿಕ್ಷಕರು, ವಯಸ್ಸು ನಲವತ್ತರ ಆಸುಪಾಸು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಉನ್ಮಾದ ಮತ್ತು ಖಿನ್ನತೆ ಸರದಿಯಲ್ಲಿ ಕಾಡುವ ಬೈಪೋಲಾರ್ ಕಾಯಿಲೆಗೆ ಅವರು ಲಿಥಿಯಂ ಮಾತ್ರೆ ಸೇವಿಸುತ್ತಾರೆ. ಈ ಸಲ ರೋಜಾ ಇಡುವುದು, ಅಂದರೆ ನಸುಕಿನಿಂದ ಸೂರ್ಯಾಸ್ತದವರೆಗೆ ಅನ್ನ, ನೀರು ಬಿಟ್ಟು ಉಪವಾಸ ಮಾಡುವುದು, ಬೇಡ ಎಂದು ಮನೋವೈದ್ಯರು ರಂಜಾನ್‌ಗೆ ಮೊದಲೇ ಹೇಳಿಬಿಟ್ಟಿದ್ದರು.

“ಬುದ್ಧಿ ಬಂದಾಗಿನಿಂದ ಒಂದು ರೋಜಾ ಬಿಟ್ಟವನಲ್ಲ ಮೇಡಂ. ಹಗಲೆಲ್ಲ ತಿಂದು, ಸಂಜೆ ಎಲ್ಲರ ಜೊತೆ ಕುಳಿತು ಯಾವ ಮುಖ ಹೊತ್ತು ಖರ್ಜೂರ ಬಾಯಿಗಿಡಲಿ?”

ವೈದ್ಯರು ಬೇಡ ಎಂದದ್ದಕ್ಕೆ ಕಾರಣವಿತ್ತು. ಲಿಥಿಯಂನ ವಿಷಯದಲ್ಲಿ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ಮೈಯಲ್ಲಿ ನೀರು ಮತ್ತು ಉಪ್ಪಿನಂಶ ಇಳಿದರೆ ಮೂತ್ರಪಿಂಡಗಳು ಲಿಥಿಯಂ ಅನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತವೆ, ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಇದಕ್ಕಿಂತ ನನ್ನನ್ನು ಹೆಚ್ಚು ಚಿಂತೆಗೀಡು ಮಾಡಿದ್ದು ನಿದ್ದೆ. ರಾತ್ರಿ ತರಾವೀಹ್ ನಮಾಜ್, ನಸುಕಿಗೆ ಮುಂಚೆ ಸಹರಿಯ ಊಟ, ಬೆಳಗಾದರೆ ಶಾಲೆ. ಬೈಪೋಲಾರ್ ಇರುವವರಲ್ಲಿ ನಿದ್ದೆಗೆಟ್ಟ ಕೆಲವೇ ರಾತ್ರಿಗಳು ಉನ್ಮಾದಕ್ಕೆ ದಾರಿ ಮಾಡಿಕೊಡಬಲ್ಲವು.

ಹಿಂದಿನ ವರ್ಷ ಆದದ್ದೂ ಅದೇ. ಕೊನೆಯ ಹತ್ತು ರಾತ್ರಿಗಳಲ್ಲಿ ಅವರು ಮಲಗಿದ್ದು ಅಪರೂಪ. ಆ ಹತ್ತರ ಬೆಸ ರಾತ್ರಿಗಳಲ್ಲೊಂದು ಲೈಲತುಲ್ ಕದ್ರ್ ಎಂಬ ನಂಬಿಕೆಯಿದೆ. ಸಾವಿರ ತಿಂಗಳಿಗಿಂತ ಶ್ರೇಷ್ಠವೆಂದು ಕುರ್‌ಆನ್ ಹೇಳುವ ಆ ರಾತ್ರಿಯನ್ನು ಕಣ್ಣು ಮುಚ್ಚಿ ಕಳೆಯಲು ಭಕ್ತನಿಗೆ ಮನಸ್ಸಾಗುವುದಿಲ್ಲ. 27ನೆಯ ರಾತ್ರಿ ಅವರು ಮನೆಯ ಉಳಿತಾಯವನ್ನೆಲ್ಲ ದಾನ ಮಾಡಲು ಹೊರಟರು. ಕಡ್ಡಾಯ ದಾನವಾದ ಜಕಾತ್ ಉಳಿತಾಯದ ಶೇ. 2.5 ಎಂಬುದನ್ನು ಈ ಗಣಿತದ ಮೇಷ್ಟರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಬ್ಬದ ದಿನ ಅವರು ಆಸ್ಪತ್ರೆಯಲ್ಲಿದ್ದರು.

“ಆ ರಾತ್ರಿ ಅಲ್ಲಾಹನಿಗೆ ಎಷ್ಟು ಹತ್ತಿರವಿದ್ದೆ ಗೊತ್ತೇ? ಅದನ್ನೂ ಕಾಯಿಲೆ ಎನ್ನುತ್ತೀರಾ?” ಎಂದು ಕೇಳಿದರು. ರೋಜಾದ ಚಿಂತೆಯ ಅಡಿಯಲ್ಲಿದ್ದ ನೋವು ಇದೇ. ಹೌದು ಎಂದರೆ ಅವರ ಭಕ್ತಿಯನ್ನೇ ತಳ್ಳಿಹಾಕಿದಂತೆ, ಅಲ್ಲ ಎಂದರೆ ಕಾಯಿಲೆಗೆ ಬಾಗಿಲು ತೆರೆದಂತೆ. ನಾನು ಎರಡನ್ನೂ ಹೇಳಲಿಲ್ಲ. ಅವರ ಪತ್ನಿ ಜೋಪಾನವಾಗಿ ತೆಗೆದಿಟ್ಟಿದ್ದ, ಹಿಂದಿನ ರಂಜಾನ್‌ನಲ್ಲಿ ಅವರು ದುಆಗಳನ್ನು (ಪ್ರಾರ್ಥನೆಗಳನ್ನು) ಬರೆದ ನೋಟ್‌ಬುಕ್ ತರಲು ಹೇಳಿದೆ.

ಮೊದಲ ಪುಟಗಳಲ್ಲಿ ಸಣ್ಣ, ನೇರ ಅಕ್ಷರ: ತಾಯಿಯ ಮಂಡಿನೋವು, ಮಗಳ ಪರೀಕ್ಷೆ, ಪದೇಪದೇ ಅನುತ್ತೀರ್ಣನಾಗುವ ಒಬ್ಬ ಹುಡುಗನ ಹೆಸರು. ಬರಬರುತ್ತಾ ಅಕ್ಷರ ದೊಡ್ಡದಾಗಿ, ಸಾಲುಗಳು ಮೇಲಕ್ಕೆ ಓಡಿ, ಅಂಚಿನಲ್ಲೆಲ್ಲ ಅಂಕಿಗಳು, ಬಾಣಗಳು. ಕಡೆಯ ಪುಟಗಳಲ್ಲಿ ಬೇರೆ ಯಾರ ಹೆಸರೂ ಇರಲಿಲ್ಲ. ನಿದ್ದೆ ಕೈಕೊಟ್ಟದ್ದು ಎಲ್ಲಿಂದ ಎಂದು ಕೇಳಿದಾಗ ಅವರೇ ಪುಟ ತಿರುವಿ ಒಂದು ಕಡೆ ಪೆನ್ಸಿಲ್‌ನಿಂದ ಗೆರೆ ಎಳೆದರು. “ಇದರ ಹಿಂದಿನದೆಲ್ಲ ನನ್ನದೇ” ಎಂದರು. ಮುಂದಿನದು ಯಾರದು ಎಂದು ನಾನು ಕೇಳಲಿಲ್ಲ.

ನಾನು ಆ ಧರ್ಮದವಳಲ್ಲ. ಹಾಗಿದ್ದರೂ ಫತ್ವಾ ಕೊಡುವುದು ನನ್ನ ಕೆಲಸವಾಗುತ್ತಿರಲಿಲ್ಲ. ಆಪ್ತಸಲಹೆಗಾರರು ಧರ್ಮಪಂಡಿತರ ಪೀಠ ಏರುವುದನ್ನು ಕಂಡರೆ ನನಗೆ ರೇಗುತ್ತದೆ. ರೋಗಿಗಳಿಗೂ ಪ್ರಯಾಣಿಕರಿಗೂ ಇರುವ ರಿಯಾಯಿತಿ ಕುರ್‌ಆನ್‌ನ ಎರಡನೇ ಅಧ್ಯಾಯದಲ್ಲೇ, 184 ಮತ್ತು 185ನೇ ವಚನಗಳಲ್ಲಿದೆ. ಅದು ಅವರಿಗೆ ಬಾಯಿಪಾಠ. ಆದರೆ ಮಾನಸಿಕ ಕಾಯಿಲೆಯೂ ಕಾಯಿಲೆಯೇ ಎಂಬುದನ್ನು ಅವರು ತಮ್ಮದೇ ಧರ್ಮಗುರುವಿನ ಬಾಯಿಂದ ಕೇಳಬೇಕಿತ್ತು. ವೈದ್ಯರ ಪತ್ರ ಹಿಡಿದು ಅವರ ಬಳಿಗೆ ಹೋಗಿ ಎಂದೆ, ಹೋದರು. ಗುಣವಾಗುವ ಕಾಯಿಲೆಯಾದರೆ ಬಿಟ್ಟ ದಿನಗಳ ಬದಲಿಗೆ ಮುಂದೆ ಕಜಾ ರೋಜಾ ಇಟ್ಟು ತೀರಿಸಬೇಕು, ದೀರ್ಘಕಾಲದ್ದಾದರೆ ಬಿಟ್ಟ ಪ್ರತಿ ದಿನಕ್ಕೂ ಒಬ್ಬ ಬಡವನಿಗೆ ಊಟ ಕೊಡುವ ಫಿದಿಯಾ ಸಾಕು ಎಂದು ಧರ್ಮಗುರುಗಳು ತಿಳಿಸಿ, ಯಾವುದೆಂದು ವೈದ್ಯರನ್ನೇ ಕೇಳಲು ಹೇಳಿದರಂತೆ.

ನನ್ನ ಸಲಹೆ ಉಳಿದ ದಿನಚರಿಯ ಬಗ್ಗೆ. ರೋಜಾದಲ್ಲಿ ನಿಮಗೆ ಅತ್ಯಂತ ಪ್ರಿಯವಾದದ್ದು ಏನು ಎಂದು ಕೇಳಿದ್ದೆ. ಹಸಿವು ಎನ್ನುತ್ತಾರೆಂದುಕೊಂಡಿದ್ದೆ. “ಸೂರ್ಯಾಸ್ತದ ಮಗ್ರಿಬ್ ಅಜಾನ್‌ಗೆ ಮುಂಚಿನ ಆ ಐದು ನಿಮಿಷ. ಎಲ್ಲರೂ ಕಾಯುತ್ತಿರುತ್ತಾರೆ, ಯಾರೂ ದೊಡ್ಡವರಲ್ಲ, ಚಿಕ್ಕವರಲ್ಲ” ಎಂದರು. ಹಾಗಾದರೆ ಆ ಐದು ನಿಮಿಷ ಬಿಡಬೇಡಿ, ಇಫ್ತಾರ್ ಬಡಿಸುವ ಹೊಣೆ ನೀವೇ ಹೊತ್ತು ಅಲ್ಲಿಯೇ ಇರಿ ಎಂದೆ. ಫಿದಿಯಾ ಕೊಡುವುದಾದರೆ ಆ ಊಟವನ್ನು ಸಾಧ್ಯವಾದಷ್ಟು ಕೈಯಾರೆ ತಲುಪಿಸಿ. ಕುರ್‌ಆನ್‌ನ 30 ಭಾಗಗಳನ್ನು ದಿನಕ್ಕೊಂದರಂತೆ ಹಗಲಿನಲ್ಲೇ ಓದಿ. ಸಹರಿಗೆ ಏಳಬೇಡಿ. ಕೊನೆಯ ಹತ್ತು ರಾತ್ರಿಗಳ ಜಾಗರಣೆ ಬೇಡ, ರಾತ್ರಿಯ ಇಶಾ ನಮಾಜ್ ಮುಗಿಸಿ ಒಂದಿಷ್ಟು ಹೊತ್ತು ದುಆ ಮಾಡಿ ಮಲಗಿ. ಮಾತ್ರೆಯ ಹೊತ್ತನ್ನು ಸ್ವಂತ ಬುದ್ಧಿಯಿಂದ ಆಚೀಚೆ ಮಾಡಬೇಡಿ.

ಜಾಗರಣೆಯ ಮಾತಿಗೆ ಅವರು ಸುಲಭವಾಗಿ ಒಪ್ಪಲಿಲ್ಲ. 27ನೆಯ ರಾತ್ರಿ ಒಂದನ್ನಾದರೂ ಎಂದು ಚೌಕಾಸಿಗಿಳಿದರು. ಅದೇ ರಾತ್ರಿ ಬೇಡ ಎಂದು ಪತ್ನಿ ಗಟ್ಟಿಯಾಗಿ ಹೇಳಿದ ಮೇಲೆ ಸುಮ್ಮನಾದರು. ಸತತ ಎರಡು ರಾತ್ರಿ ನಿದ್ದೆ ಕಡಿಮೆಯಾದರೆ, ನೋಟ್‌ಬುಕ್‌ನಲ್ಲಿ ಬಾಣಗಳು ಕಾಣಿಸಿಕೊಂಡರೆ, ಅವರ ಒಪ್ಪಿಗೆಗೆ ಕಾಯದೆ ಪತ್ನಿ ನೇರವಾಗಿ ವೈದ್ಯರಿಗೆ ಫೋನ್ ಮಾಡುವುದೆಂದು ಮೂವರೂ ಕೂಡಿ ಬರೆದಿಟ್ಟೆವು. ಕೆಳಗೆ ಅವರೇ ಸಹಿ ಹಾಕಿದರು.