ಪೆಟ್ ಸ್ಕ್ಯಾನ್ ಸ್ವಚ್ಛವಾಗಿದ್ದರೂ ವಿಕಿರಣ ಏಕೆ?

ಆರಂಭಿಕ ಹಂತದ ಹಾಡ್ಜ್‌ಕಿನ್ ಲಿಂಫೋಮಾಗೆ (ದುಗ್ಧರಸ ಗ್ರಂಥಿಗಳ ಕ್ಯಾನ್ಸರ್) ಎರಡು ಸುತ್ತು ಎಬಿವಿಡಿ ಕೀಮೋ (ನಾಲ್ಕು ಔಷಧಿಗಳ ಚಿಕಿತ್ಸೆ) ಮುಗಿದು, ಸಕ್ರಿಯ ಕ್ಯಾನ್ಸರ್ ಎಲ್ಲಿದೆ ಎಂದು ತೋರಿಸುವ ಪೆಟ್ ಸ್ಕ್ಯಾನ್ ಸ್ವಚ್ಛವಾಗಿದ್ದರೂ ನಿಮ್ಮ ತಂಗಿಗೆ ಎದೆಯ ಭಾಗಕ್ಕೆ ವಿಕಿರಣ ಏಕೆ ಎಂದು ಕೇಳಿದ್ದೀರಿ. ಸ್ಕ್ಯಾನ್‌ಗೆ ಸಿಗದಷ್ಟು ಕಡಿಮೆ ಕ್ಯಾನ್ಸರ್ ಕೋಶಗಳು ಉಳಿದಿರಬಹುದು, ಅದಕ್ಕೆ.

ಜರ್ಮನಿಯ ಎಚ್‌ಡಿ16 ಅಧ್ಯಯನ ಇದನ್ನೇ ಪರೀಕ್ಷಿಸಿತು. ಅಪಾಯದ ಲಕ್ಷಣಗಳಿಲ್ಲದೆ, ಎರಡು ಸುತ್ತಿನ ನಂತರ ಪೆಟ್ ಸ್ಕ್ಯಾನ್ ಸ್ವಚ್ಛವಾಗಿದ್ದವರಲ್ಲಿ 20 ಗ್ರೇ (ವಿಕಿರಣ ಪ್ರಮಾಣದ ಅಳತೆ) ವಿಕಿರಣ ಪಡೆದವರ ಪೈಕಿ ಶೇ 93.4ರಷ್ಟು ಮಂದಿ ಐದು ವರ್ಷ ಕಾಯಿಲೆ ಉಲ್ಬಣಿಸದೆ ಬದುಕಿದ್ದರು. ಪಡೆಯದವರಲ್ಲಿ ಶೇ 86.1. ಒಟ್ಟಾರೆ ಬದುಕುಳಿದವರ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಮರುಕಳಿಸಿದರೂ ಚಿಕಿತ್ಸೆಯಿದೆ, ಆದರೆ ಅದು ಹೆಚ್ಚು ಕಠಿಣ.

ನಿಮ್ಮ ಭಯಕ್ಕೂ ಆಧಾರವಿದೆ. ಎದೆಗೆ ಬೀಳುವ ವಿಕಿರಣದಿಂದ ಎಳೆಯ ವಯಸ್ಸಿನ ಹೆಣ್ಣುಮಕ್ಕಳಿಗೆ ಮುಂದೆ ಸ್ತನ ಕ್ಯಾನ್ಸರ್, ಹೃದ್ರೋಗದ ಅಪಾಯ ಹೆಚ್ಚುತ್ತದೆ. ಹಿಂದೆ ಕುತ್ತಿಗೆಯಿಂದ ಎದೆಯವರೆಗೆ 40 ಗ್ರೇ ಆಸುಪಾಸು ಕೊಡುತ್ತಿದ್ದರು. ಈಗ ಕಾಯಿಲೆಯಿದ್ದ ಗ್ರಂಥಿಗಳಿಗಷ್ಟೇ ಗುರಿಯಿಡುತ್ತಾರೆ. ಉಸಿರನ್ನು ಆಳವಾಗಿ ಎಳೆದು ಹಿಡಿದುಕೊಂಡಾಗ ಶ್ವಾಸಕೋಶ ಹಿಗ್ಗಿ, ಹೃದಯ ಕೆಳಕ್ಕೆ ಸರಿಯುತ್ತದೆ. ಆ ಕ್ಷಣದಲ್ಲೇ ಕಿರಣ ಹಾಯಿಸುವ ವಿಧಾನವೂ ಇದೆ. ಅದು ತಂಗಿಗೆ ಹೊಂದುತ್ತದೆಯೇ, ಹೃದಯಕ್ಕೂ ಸ್ತನಗಳಿಗೂ ಬೀಳುವ ಪ್ರಮಾಣವೆಷ್ಟು ಎಂದು ವಿಕಿರಣ ತಜ್ಞರನ್ನು ಸಂಕೋಚವಿಲ್ಲದೆ ಕೇಳಿ. ಆ ಅಂಕಿಗಳನ್ನು ನೋಡದೆ ಬೇಡ ಎನ್ನಬೇಡಿ.