ಮೈ ಬಿಸಿ ನೋಡಿ ಏಳುವ ಬ್ಯಾಕ್ಟೀರಿಯಾ

ಪ್ರಶ್ನೆ: ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್‌ನಲ್ಲೂ ಬದುಕುತ್ತದಂತೆ, ಆದರೆ ನಮ್ಮ ದೇಹ ಸೇರಿದ ಮೇಲೇ ಕಾಟ ಶುರು ಮಾಡುತ್ತದಂತೆ. ಒಂದೇ ಜೀವಕೋಶದ ಜೀವಿಗೆ ತಾನು ಎಲ್ಲಿದ್ದೇನೆ ಅಂತ ಹೇಗೆ ಗೊತ್ತಾಗುತ್ತದೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ದೊಡ್ಡ ಸುಳಿವು ಬಿಸಿ. ನಮ್ಮ ಮೈ 37 ಡಿಗ್ರಿ ಸೆಲ್ಸಿಯಸ್ ಇರುತ್ತದಲ್ವಾ, ಅದು. ತಮಾಷೆ ಏನೆಂದರೆ, ಈ ಬಿಸಿ ಅಳೆಯೋಕೆ ಲಿಸ್ಟೀರಿಯಾ ಬೇರೆ ಉಪಕರಣವನ್ನೇ ಇಟ್ಟುಕೊಂಡಿಲ್ಲ. ಪ್ರೋಟೀನ್ ಮಾಡು ಅಂತ ಜೀನ್‌ನಿಂದ ಆದೇಶ ಹೊತ್ತು ಹೊರಡುವ ಆರ್‌ಎನ್‌ಎ ಇದೆಯಲ್ಲ, ಅದೇ ಥರ್ಮಾಮೀಟರ್!

ಲಿಸ್ಟೀರಿಯಾದಲ್ಲಿ ರೋಗ ತರುವ ಮುಖ್ಯ ಜೀನ್‌ಗಳಿಗೆ ಯಜಮಾನ ಪಿಆರ್‌ಎಫ್‌ಎ ಎಂಬ ಪ್ರೋಟೀನ್. ಅದರ ಆರ್‌ಎನ್‌ಎ ತಂಪಿನಲ್ಲೂ ತಯಾರಾಗಿರುತ್ತದೆ, ಆದರೆ ಚೀಟಿ ಮಡಚಿಟ್ಟ ಹಾಗೆ ಅದರ ಮೊದಲ ತುದಿ ತನ್ನ ಮೇಲೇ ಮಡಚಿಕೊಂಡಿರುತ್ತದೆ. ಆದೇಶ ಓದಿ ಪ್ರೋಟೀನ್ ಕಟ್ಟುವ ಯಂತ್ರ ರೈಬೋಸೋಮ್; ಅದು ಬಂದು ಕೂರಬೇಕಾದ ಜಾಗ ಆ ಮಡಿಕೆಯ ಒಳಗೆ. ಕೂರೋಕೆ ಜಾಗವಿಲ್ಲ, ಓದೋರಿಲ್ಲ, ಪ್ರೋಟೀನೂ ಇಲ್ಲ. 37ಕ್ಕೆ ಬಂದಾಗ ಮಡಿಕೆ ಹಿಡಿದಿದ್ದ ಬಂಧಗಳು ಸಡಿಲವಾಗುತ್ತವೆ, ರೈಬೋಸೋಮ್ ಕೂರುತ್ತದೆ, ಯಜಮಾನ ಹುಟ್ಟುತ್ತಾನೆ, ಅವನ ಹಿಂದೆ ನಮ್ಮ ಜೀವಕೋಶದೊಳಗೆ ಬದುಕೋಕೆ, ಪಕ್ಕದ ಕೋಶಕ್ಕೆ ದಾಟೋಕೆ ಬೇಕಾದ ಸರಂಜಾಮೆಲ್ಲ ತಯಾರಾಗುತ್ತದೆ.

ಇದನ್ನು 2002ರಲ್ಲಿ ತೋರಿಸಿದ್ದು ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ಪಾಸ್ಕಲ್ ಕೊಸಾರ್ ಅವರ ತಂಡ. ನನಗೆ ಬಹಳ ಇಷ್ಟವಾದ ಪ್ರಯೋಗ ಇದು. ಆ ಮಡಿಕೆಯ ತುಣುಕನ್ನಷ್ಟೇ ತೆಗೆದು, ಹಸಿರಾಗಿ ಹೊಳೆಯುವ ಪ್ರೋಟೀನ್‌ನ ಜೀನ್‌ಗೆ ಜೋಡಿಸಿ, ಇ. ಕೋಲೈ ಎಂಬ ಬೇರೆ ಬ್ಯಾಕ್ಟೀರಿಯಾ ಒಳಗೆ ಸೇರಿಸಿದರು. 30 ಡಿಗ್ರಿಯಲ್ಲಿ ಹೊಳಪಿಲ್ಲ. 37ರಲ್ಲಿ ಹಸಿರೋ ಹಸಿರು. ಇ. ಕೋಲೈಗೂ ಲಿಸ್ಟೀರಿಯಾಕ್ಕೂ ಹತ್ತಿರದ ನಂಟೇ ಇಲ್ಲ, ಆದರೂ ಕೆಲಸ ಮಾಡಿತು ಅಂದರೆ ಆ ತುಣುಕೊಂದೇ ಸಾಕು ಅಂತಾಯಿತು. ಮಡಿಕೆ ಗಟ್ಟಿಯಾಗದಂತೆ ಆರ್‌ಎನ್‌ಎ ಅಕ್ಷರ ಬದಲಿಸಿ ನೋಡಿದಾಗ, ಲಿಸ್ಟೀರಿಯಾ ತಂಪಿನಲ್ಲೇ ದಾಳಿಗೆ ಸಿದ್ಧವಾಯಿತು.

ಕಾಲರಾ, ಪ್ಲೇಗ್ ತರುವ ಬ್ಯಾಕ್ಟೀರಿಯಾಗಳಲ್ಲೂ ಇಂಥ ಥರ್ಮಾಮೀಟರ್ ಇದೆ. ನೀರಿನಲ್ಲೋ ಚಿಗಟದ ಹೊಟ್ಟೆಯಲ್ಲೋ ಇರುವಾಗ ಮನುಷ್ಯರ ಮೇಲೆ ಬಳಸುವ ಆಯುಧ ಸುಮ್ನೆ ಯಾಕೆ ಮಾಡಬೇಕು, ಖರ್ಚು ದಂಡ ಅಲ್ವಾ?

ಪ್ರಶ್ನೆ: ಹಾಗಾದರೆ ಫ್ರಿಜ್‌ನಲ್ಲಿಟ್ಟ ಊಟದಿಂದ ಭಯವಿಲ್ಲ ಅನ್ನಿ?
– ಓದುಗರು, ಹುಬ್ಬಳ್ಳಿ

ಉತ್ತರ: ಖಂಡಿತ ಹಾಗಲ್ಲ. ತಂಪಿನಲ್ಲಿ ಆಯುಧ ಕೆಳಗಿಟ್ಟಿರುತ್ತದೆ, ಸಂಖ್ಯೆ ಮಾತ್ರ 4 ಡಿಗ್ರಿಯಲ್ಲೂ ನಿಧಾನಕ್ಕೆ ಬೆಳೆಯುತ್ತಲೇ ಇರುತ್ತದೆ. ದಕ್ಷಿಣ ಆಫ್ರಿಕಾದಲ್ಲಿ 2017–18ರಲ್ಲಿ ಪೊಲೋನಿ ಎಂಬ ಸಂಸ್ಕರಿಸಿದ ಮಾಂಸದಿಂದ ಲಿಸ್ಟೀರಿಯಾ ಹರಡಿ 200ಕ್ಕೂ ಜಾಸ್ತಿ ಜನ ಸತ್ತರು. ಗರ್ಭಿಣಿಯರು, ವಯಸ್ಸಾದವರು ಇರುವ ಮನೆಯಲ್ಲಿ ಫ್ರಿಜ್‌ನಿಂದ ತೆಗೆದದ್ದನ್ನು ಚೆನ್ನಾಗಿ ಹಬೆಯಾಡುವವರೆಗೆ ಕಾಯಿಸಿ, ಆಮೇಲೆ ಬಡಿಸಿ.